ಮೂರೂವರೆ ಅಕ್ಷರ

ನಾನು ಓದಿದ ಮೊದಲ ಇಂಗ್ಲಿಷ್ ಬರಹ ಪಾಠಪುಸ್ತಕದ್ದಲ್ಲ. ನಮ್ಮ ತಾತನ ಗಾಳದ ಮೇಲಿನದು. ಎಂಟು ವರ್ಷದ ಹುಡುಗನಾಗಿದ್ದ ನನಗೆ ಆ ಭಾಷೆಯ ದೊಡ್ಡಕ್ಷರಗಳು ಆಗತಾನೇ ಕೈವಶವಾಗಿದ್ದುವು. ಅಂಗಡಿಯ ಹಲಗೆಯಾಗಲಿ ಬೆಂಕಿಪೊಟ್ಟಣವಾಗಲಿ ಸೀಮೆಎಣ್ಣೆಯ ಡಬ್ಬಿಯಾಗಲಿ, ಕಣ್ಣಿಗೆ ಬಿದ್ದುದನ್ನೆಲ್ಲ ಗಟ್ಟಿಯಾಗಿ ಕೂಗಿ ಓದಿ ಮನೆಮಂದಿಯ ತಲೆ ತಿನ್ನುತ್ತಿದ್ದ ಕಾಲವದು. ಹೀಗಿರಲು ಒಂದು ಭಾನುವಾರ ಬೆಳಿಗ್ಗೆ ತಾತ ಸಿಗರೇಟಿನ ದುಂಡು ಡಬ್ಬಿಯೊಂದನ್ನು ತೆರೆದು, ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಹೊಳೆಯುವ ಲೋಹದ ತುಂಡೊಂದನ್ನು ಜಗಲಿಯ ಮೇಲೆ ಇರಿಸಿದರು. ಅದರ ಬೆನ್ನಿನಲ್ಲಿ, ಗೋಧಿಕಾಳಿಗಿಂತಲೂ ಚಿಕ್ಕವಾದ ಚೌಕಗಳೊಳಗೆ, ಇ, ಪಿ, ಎನ್ ಎಂಬ ಮೂರು ಅಕ್ಷರಗಳು ಒತ್ತಿದ್ದುವು. ನಾಲ್ಕನೆಯದೊಂದು ಇದ್ದಿತೆಂಬುದಕ್ಕೆ ಗುರುತಾಗಿ ಒಂದು ಬಾಗು ಮಾತ್ರ ಉಳಿದು, ಮಿಕ್ಕುದನ್ನು ದಾರ ಕಟ್ಟುವ ರಂಧ್ರ ನುಂಗಿಹಾಕಿತ್ತು.

“ಇದೇನು ತಾತ, ಇಲ್ಲಿ ಬರೆದಿರೋದು?” ಎಂದೆ.

“ಅವಳ ಹೆಸರು ಕಣೋ.”

“ಯಾರ ಹೆಸರು?”

“ದೊರೆಸಾನಿಯದು” ಎಂದು ಹೇಳಿ, ಆ ಗಾಳವನ್ನು ಪಂಚೆಯ ಅಂಚಿನಲ್ಲಿ ಒಮ್ಮೆ ಉಜ್ಜಿ, ಮತ್ತೆ ಡಬ್ಬಿಗೆ ಹಾಕಿಕೊಂಡು, ಹೊಳೆಯ ಕಡೆಗೆ ನಡೆದುಬಿಟ್ಟರು. ಆ ಉತ್ತರದಲ್ಲಿ ತಮಾಷೆಯೆಷ್ಟು, ಸತ್ಯವೆಷ್ಟು ಎಂಬುದನ್ನು ಬಿಡಿಸಿಕೊಳ್ಳುವುದಕ್ಕೆ ನನಗೆ ಸುಮಾರು ಆರು ದಶಕಗಳು ಹಿಡಿದುವು.

ತಾತ ಶಿವನಸಮುದ್ರದ ವಿದ್ಯುದಾಗಾರದಲ್ಲಿ ಫಿಟ್ಟರ್ ಆಗಿದ್ದವರು. 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ, ಮೂರು ವರ್ಷಗಳ ತರುವಾಯ ಬೆಂಗಳೂರಿನ ಬೀದಿಗಳಿಗೂ ಬೆಳಕಾದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಯಂತ್ರಗಳಿಗೆ ಎಣ್ಣೆ ಬಿಟ್ಟು, ತಿರುಪು ಬಿಗಿದು, ಸವೆದ ಭಾಗಗಳನ್ನು ಅರದಿಂದ ಉಜ್ಜಿ ಸರಿಮಾಡುತ್ತಿದ್ದ ಸುತ್ತಲ ಹಳ್ಳಿಗಳ ರೈತಮಕ್ಕಳ ಸಂಗತಿಯನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ನೇಗಿಲು ಹಿಡಿದ ಮನೆತನದಿಂದ ಬಂದು, ಕಣಿವೆಯ ತಳದಲ್ಲಿದ್ದ ಕಾರ್ಖಾನೆಗೆ ಹಳಿಯ ಮೇಲಿನ ಟ್ರಾಲಿಯಲ್ಲಿ ಪ್ರತಿದಿನ ಇಳಿದು ಹತ್ತುತ್ತ, ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಬರೆಯಲು ಬಾರದಿದ್ದರೂ ಅಂಗುಲದ ಅರುವತ್ತನಾಲ್ಕನೆಯ ಒಂದು ಪಾಲನ್ನು ಬೆರಳ ತುದಿಯಿಂದಲೇ ಅಳೆಯಬಲ್ಲ ವಿದ್ಯೆಯನ್ನು ಸಂಪಾದಿಸಿಕೊಂಡ ತಲೆಮಾರು ಅದು. ಊರಿನವರು ಇಂದಿಗೂ ಬ್ಲಫ್ ಎಂದು ಕರೆಯುವ ಆ ವಸತಿಯಲ್ಲಿ ತಾತ ಮೂವತ್ತು ವರ್ಷಗಳಿಗೂ ಮಿಕ್ಕಿ ಬಾಳಿದರು. ಪಾಳಿ ಮುಗಿದ ಮೇಲೆ ಉಳಿಯುತ್ತಿದ್ದ ಹೊತ್ತನ್ನೆಲ್ಲ ಕಾವೇರಿಗೇ ಒಪ್ಪಿಸಿದ್ದರು.

ಆ ಗಾಳದ ಸ್ವರೂಪವನ್ನು ಇಲ್ಲಿ ವಿವರಿಸಬೇಕು. ಉದ್ದುದ್ದವಾದ ಮೊಟ್ಟೆಯ ಆಕಾರದ, ಒಂದು ಮಗ್ಗುಲು ತಗ್ಗಾಗಿಯೂ ಇನ್ನೊಂದು ಮಗ್ಗುಲು ಉಬ್ಬಾಗಿಯೂ ಇದ್ದ ಬೆಳ್ಳಿಬಣ್ಣದ ತಗಡು. ಅದರ ಕಿರಿದಾದ ತುದಿಯಿಂದ ಒಂದು ಅಂಗುಲದಷ್ಟು ಚಾಚಿಕೊಂಡಿದ್ದ ಮೋಟು ಬಾಲ. ಆ ಬಾಲದ ತುದಿಯಲ್ಲಿ ಮೇಲೆ ಹೇಳಿದ ರಂಧ್ರ. ರಂಧ್ರಕ್ಕೆ ಬಳೆ, ಬಳೆಗೆ ದಾರ ಹುರಿಗೊಳ್ಳದಂತೆ ತಡೆಯುವ ಪುಟ್ಟ ತಿರುಗಣಿ. ಇನ್ನೊಂದು ತುದಿಯಲ್ಲಿ ಮೂರು ಮೊನೆಯ ಗಾಳ, ಅದರ ಬುಡಕ್ಕೆ ಸುತ್ತಿದ ಕೆಂಪು ಉಣ್ಣೆಯ ಕುಚ್ಚು. ತಗಡಿನ ನಡುಭಾಗಕ್ಕೆ ಸ್ವಲ್ಪ ಪಕ್ಕದಲ್ಲಿ, ನನ್ನ ಹೆಬ್ಬೆರಳು ಸರಿಯಾಗಿ ಕೂರುವಷ್ಟು, ಒಂದು ನೆಗ್ಗು. “ಮೀನು ಕಚ್ಚಿದ್ದಾ ತಾತ?” ಎಂದು ಕೇಳಿದ್ದಕ್ಕೆ, ಬಿಳಿಮೀನಿನ ಬಾಯಲ್ಲಿ ಹಲ್ಲಿರುವುದಿಲ್ಲವೆಂದೂ ಅದು ಅಗಿಯುವುದು ಗಂಟಲಿನಿಂದಲೆಂದೂ ಹೇಳಿದರು. ಇದು ಹುಡುಗನನ್ನು ಬೆರಗುಗೊಳಿಸಲು ಕಟ್ಟಿದ ಮಾತೆಂದೇ ನಾನು ಬಹುಕಾಲ ಭಾವಿಸಿದ್ದೆ. ಮುಂದೆ ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ತೆರೆದಾಗ ಅದು ಅಕ್ಷರಶಃ ನಿಜವೆಂದು ತಿಳಿಯಿತು: ಬಿಳಿಮೀನೆಂದು ನಮ್ಮ ಹೊಳೆಯ ಜನ ಕರೆಯುವ ಮಹಶೀರ್ ಜಾತಿಗೆ ದವಡೆಯಲ್ಲಿ ಹಲ್ಲುಗಳಿಲ್ಲ, ಗಂಟಲಿನೊಳಗೆ ಇರುವ ಹಲ್ಲುಗಳ ಸಾಲಿನಿಂದಲೇ ಅದು ಏಡಿಯನ್ನೂ ಚಿಪ್ಪಿನ ಹುಳುವನ್ನೂ ಪುಡಿಮಾಡುತ್ತದೆ. ಒಳ್ಳೆಯ ಉಕ್ಕಿನ ಗಾಳವೇ ಆ ಹಿಡಿತಕ್ಕೆ ಸಿಕ್ಕಿ ಚಪ್ಪಟೆಯಾದ ಉದಾಹರಣೆಗಳುಂಟು.

ಕಾವೇರಿಯ ದಂಡೆಯವರಲ್ಲಿ ಹೆಚ್ಚಿನವರು ಈ ಮೀನಿಗೆ ರಾಗಿಮುದ್ದೆಯ ಉಂಡೆಯನ್ನೇ ಎರೆಯಾಗಿ ಕಟ್ಟಿ, ಮಡುವಿನಲ್ಲಿ ಬಿಟ್ಟು, ತಾಳ್ಮೆಯಿಂದ ಕಾಯುತ್ತಿದ್ದರು. ತಾತನಿಗೆ ಆ ತಾಳ್ಮೆಯಿರಲಿಲ್ಲ. ಯಂತ್ರದ ಸಹವಾಸ ಮಾಡಿದವರಿಗೆ ಚಲನೆಯಲ್ಲಿಯೇ ನಂಬಿಕೆ ಹೆಚ್ಚೋ ಏನೋ. ಅವರು ನೀರು ಬಂಡೆಗಳ ನಡುವೆ ನುಗ್ಗಿ ನೊರೆಯಾಗುವ ಕಡೆಯಲ್ಲಿ ನಿಂತು, ಹಲಗೆಗೆ ಸುತ್ತಿದ ಕೈದಾರವನ್ನು ಸಡಿಲಿಸಿ, ದೊರೆಸಾನಿಯನ್ನು ಪ್ರವಾಹಕ್ಕೆ ಅಡ್ಡಲಾಗಿ ಬೀಸಿ ಒಗೆಯುತ್ತಿದ್ದರು. ಎಳೆದಂತೆಲ್ಲ ನೀರಿನ ಒತ್ತಡ ತಗ್ಗಿನ ಮಗ್ಗುಲಿಗೂ ಉಬ್ಬಿನ ಮಗ್ಗುಲಿಗೂ ಬೇರೆ ಬೇರೆಯಾಗಿ ಬಿದ್ದು, ಆ ತಗಡು ನೆಟ್ಟಗೆ ಬರಲಾರದೆ, ಪೆಟ್ಟು ತಿಂದ ಮರಿಮೀನಿನಂತೆ ಅತ್ತ ವಾಲಿ ಇತ್ತ ಹೊರಳಿ ಮಿಂಚುತ್ತ ಬರುತ್ತಿತ್ತು. ಹೊಳಪು ಮೀನಿನ ಕಣ್ಣಿಗೆ. ಆ ಹೊರಳಾಟದ ಕಂಪನ ಅದರ ಮೈಯುದ್ದಕ್ಕೂ ಹರಿದಿರುವ ಪಾರ್ಶ್ವರೇಖೆಗೆ. ಎರಡೂ ಒಂದೇ ಸುಳ್ಳನ್ನು ಹೇಳಿದಾಗ ಮೀನು ನಂಬದೆ ಏನು ಮಾಡೀತು? ಅಂದು ಸಂಜೆ ಮನೆಯಲ್ಲಿ ಮುದ್ದೆಯ ಜೊತೆಗೆ ಹುಣಿಸೆಹುಳಿಯ ಮೀನುಸಾರು. ಇಷ್ಟು ಹೇಳಿದರೆ ಸಾಕು; ಆ ರುಚಿಯ ವರ್ಣನೆಗೆ ತೊಡಗಿದರೆ ಈ ಲೇಖನ ಮುಂದೆ ಸಾಗಲಾರದು.

ತಾತ 1959ರಲ್ಲಿ ತೀರಿಕೊಂಡರು. ಡಬ್ಬಿ ಎರಡು ವರ್ಷ ಅಟ್ಟದ ಮೇಲಿತ್ತು. ಆಮೇಲೆ ಹಳೆಯ ಸಾಮಾನಿಗೆ ಹೊಸ ಅಲ್ಯೂಮಿನಿಯಂ ಪಾತ್ರೆ ಕೊಡುವವನೊಬ್ಬ ಬೀದಿಗೆ ಬಂದಾಗ ಮುರಿದ ಚೊಂಬು, ಸೋರುವ ಕೊಳದಪ್ಪಲೆಗಳ ಜೊತೆಗೆ ಅದೂ ಹೋಯಿತು. ಕೊಟ್ಟವರು ಯಾರೆಂದು ನಮ್ಮ ಮನೆಯಲ್ಲಿ ಯಾರೂ ಒಪ್ಪಿಕೊಂಡಿಲ್ಲ. ನಾನೇ ಕೊಟ್ಟಿರಬಹುದೆಂಬ ಸಂಶಯವೂ ಒಂದೊಂದು ವೇಳೆ ನನ್ನನ್ನು ಕಾಡುತ್ತದೆ, ಏಕೆಂದರೆ ಪಾತ್ರೆಯವನ ತಕ್ಕಡಿಯ ಮೇಲೆ ಕೆಂಪು ಕುಚ್ಚೊಂದು ಜೋತಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ವೃತ್ತಿಯಿಂದ ನಿವೃತ್ತನಾದ ಮೇಲೆ ಆ ಗಾಳವನ್ನು, ಅದೇ ಅಲ್ಲದಿದ್ದರೆ ಅದರ ಒಡಹುಟ್ಟೊಂದನ್ನು, ಹುಡುಕಿ ಪಡೆಯಬೇಕೆಂಬ ಹಂಬಲ ನನಗೆ ಹತ್ತಿತು. ಅದಕ್ಕೆ ನನ್ನ ಬಳಿಯಿದ್ದ ಆಧಾರ ಆ ಮೂರೂವರೆ ಅಕ್ಷರ ಮಾತ್ರ. ಮೂರು ಅಕ್ಷರ ತಯಾರಕನ ಹೆಸರಿನ ಮೊದಲಕ್ಷರಗಳೆಂದೂ, ಬಾಗಿನ ಅರ್ಧ ಅಕ್ಷರ ಕಂಪೆನಿ ಎಂಬುದರ ಆರಂಭವೆಂದೂ ನಿಶ್ಚಯಿಸಿಕೊಂಡೆ. ಶಿವನಸಮುದ್ರದ ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ. ಆಗ ಅದರ ನೆಲೆ ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯವು. ಆದುದರಿಂದ ಯಾವನೋ ಅಮೆರಿಕದ ಎಂಜಿನಿಯರು ಬಿಟ್ಟುಹೋದ ಗಾಳವೊಂದು ಕೈಯಿಂದ ಕೈಗೆ ದಾಟಿ ತಾತನನ್ನು ಸೇರಿರಬೇಕೆಂದು ತರ್ಕಿಸಿದೆ. ತರ್ಕ ಸೊಗಸಾಗಿಯೇ ಇತ್ತು.

ಅದು ಇನ್ನಷ್ಟು ಸೊಗಸಾಗುವುದಕ್ಕೆ ಜೂಲಿಯೊ ಬ್ಯುಯೆಲ್ ಎಂಬಾತ ಸಹಾಯಮಾಡಿದ. ಚಮಚದಾಕಾರದ ಗಾಳಕ್ಕೆ ಅಮೆರಿಕದಲ್ಲಿ 1852ರಲ್ಲಿ ಪೇಟೆಂಟ್ ಪಡೆದು, ಅದೇ ನ್ಯೂಯಾರ್ಕ್ ಸಂಸ್ಥಾನದ ವೈಟ್‌ಹಾಲ್ ಪಟ್ಟಣದಲ್ಲಿ ಕಾರ್ಖಾನೆ ಹೂಡಿದವನು ಆತ. ಯೌವನದಲ್ಲಿ ವರ್ಮಾಂಟಿನ ಬೊಮೊಸೀನ್ ಸರೋವರದ ಮೇಲೆ ದೋಣಿಯಲ್ಲಿ ಕುಳಿತು ಊಟಮಾಡುತ್ತಿದ್ದಾಗ ಕೈಜಾರಿ ನೀರಿಗೆ ಬಿದ್ದ ಚಮಚವನ್ನು ಮೀನೊಂದು ಅಟ್ಟಿಕೊಂಡು ಹೋಗಿ ಹಿಡಿಯಿತೆಂದೂ, ಅದನ್ನು ಕಂಡ ಆತ ಮನೆಗೆ ಬಂದು ಇನ್ನೊಂದು ಚಮಚದ ಹಿಡಿಯನ್ನು ಕತ್ತರಿಸಿ ತುದಿಗೆ ಗಾಳ ಬೆಸೆದನೆಂದೂ ಐತಿಹ್ಯವಿದೆ. ಈ ಕಥೆಯನ್ನು ಎರಡೆರಡು ಸಲ ಓದಿ, ಟಿಪ್ಪಣಿ ಬರೆದುಕೊಂಡು, ಮನೆಗೆ ಬಂದವರಿಗೆಲ್ಲ ರಸವತ್ತಾಗಿ ಹೇಳಿಯೂ ನನ್ನ ಎದುರಿನ ಸತ್ಯ ನನಗೆ ಹೊಳೆಯಲಿಲ್ಲವಲ್ಲ ಎಂಬುದನ್ನು ನೆನೆದರೆ, ಪಾಂಡಿತ್ಯ ಕೆಲವು ವೇಳೆ ಕಣ್ಣಿಗೆ ಕಟ್ಟಿದ ಪಟ್ಟಿಯಂತೆ ಕೆಲಸಮಾಡುತ್ತದೆಯೆನ್ನದೆ ವಿಧಿಯಿಲ್ಲ.

ಇಂಗ್ಲೆಂಡಿನ ಕಡೆಯನ್ನೂ ನಾನು ಬಿಡಲಿಲ್ಲ. ಸೂಜಿಗೂ ಮೀನಗಾಳಕ್ಕೂ ಹೆಸರಾದ ರೆಡ್ಡಿಚ್ ಪಟ್ಟಣದ ಆಲ್ಕಾಕ್, ಆನಿಕ್ ಪಟ್ಟಣದ ಹಾರ್ಡಿ ಸೋದರರು ಮೊದಲಾದವರ ಬೆಲೆಪಟ್ಟಿಗಳ ಮರುಮುದ್ರಣಗಳನ್ನು ತರಿಸಿ ನೋಡಿದೆ. ಇ.ಪಿ.ಎನ್. ಎಲ್ಲಿಯೂ ಇಲ್ಲ. ಒಹಾಯೊದಲ್ಲಿ ನೆಲೆಸಿರುವ ನನ್ನ ತಮ್ಮನ ಮಗನಿಗೆ ಬರೆದು, ಅಲ್ಲಿ ಹಳೆಯ ಗಾಳಗಳನ್ನು ಸಂಗ್ರಹಿಸುವವರ ಸಮ್ಮೇಳನವೊಂದಕ್ಕೆ ಅವನನ್ನು ಅಟ್ಟಿದೆ. ಅಮೆರಿಕದಲ್ಲಿ ಇಂಥವರದೊಂದು ರಾಷ್ಟ್ರೀಯ ಸಂಘವೇ 1976ರಿಂದ ನಡೆದುಬಂದಿದೆ. ಅವನು ದೂರವಾಣಿಯಲ್ಲಿ ಹೇಳಿದ ಮೊದಲ ಮಾತು: “ದೊಡ್ಡಪ್ಪ, ಇಲ್ಲಿ ಗಾಳಕ್ಕಿಂತ ಗಾಳ ಇಟ್ಟಿದ್ದ ಖಾಲಿ ರಟ್ಟಿನ ಪೆಟ್ಟಿಗೆಗೇ ಜಾಸ್ತಿ ದುಡ್ಡು ಕೊಡ್ತಾರೆ!”

ಅವನ ಊರಿಗೆ ದೂರವಲ್ಲದ ಪೇನ್ಸ್‌ವಿಲ್ಲಿನ ರೈಲಿ ಹ್ಯಾಸ್ಕೆಲ್ ಎಂಬ ಕುಶಲಿ 1859ರಲ್ಲಿ ಪೇಟೆಂಟ್ ಪಡೆದ ತಾಮ್ರದ ಮರಿಮೀನೊಂದರ ದೊಡ್ಡ ಮಾದರಿ 2003ರ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು. ಮಿಷಿಗನ್ನಿನ ಡೊವಾಜಿಯಕ್ ಪಟ್ಟಣದಲ್ಲಿ ಜೇನುಸಾಕಣೆಯಿಂದ ಹೆಸರಾಗಿದ್ದ ಜೇಮ್ಸ್ ಹೆಡ್ಡನ್ ಎಂಬಾತ ಹೊತ್ತುಗಳೆಯಲು ಕೆತ್ತಿದ ಮರದ ತುಂಡಿನಿಂದ ಬೆಳೆದ ಕಾರ್ಖಾನೆಯ ಗಾಳಗಳಿಗೆ ಬಣ್ಣದಿಂದ ಬಣ್ಣಕ್ಕೆ, ಗಾಜಿನ ಕಣ್ಣಿನಿಂದ ಬರಿಯ ಬಣ್ಣದ ಕಣ್ಣಿಗೆ, ಬೆಲೆ ಬೇರೆ. ಈ ಶ್ರದ್ಧೆಯನ್ನು ನಾನು ಹಳಿಯಲಾರೆ. ಸಾಮಾನ್ಯ ಕೆಲಸಗಾರನ ಕೈಯಿಂದ ಹೊರಬಂದ ಅಲ್ಪವಸ್ತುವೊಂದರ ವಂಶಾವಳಿಯನ್ನು ಇಷ್ಟು ಕೂಲಂಕಷವಾಗಿ ಬರೆದಿಟ್ಟುಕೊಂಡ ಸಮಾಜವನ್ನು ಕಂಡು ಅಸೂಯೆಪಟ್ಟೆನೆಂದೇ ಹೇಳಬೇಕು. ಆದರೆ ಆ ಲೋಕದ ಮೌಲ್ಯಮೀಮಾಂಸೆ ಮಾತ್ರ ನನಗೆ ವಿಪರೀತವಾಗಿ ಕಂಡಿತು. ಗೀರಿಲ್ಲದ, ಬಣ್ಣ ಮಾಸದ, ಒಂದು ಸಲವೂ ನೀರು ಕಾಣದ ಗಾಳವೇ ಅಲ್ಲಿ ಉತ್ತಮೋತ್ತಮ. ಮೀನು ಮುಟ್ಟಿದೊಡನೆ ಅದರ ಬೆಲೆ ಕುಸಿಯುತ್ತದೆ. ಅಂದರೆ ಯಾವ ಕಾರ್ಯಕ್ಕಾಗಿ ಒಂದು ವಸ್ತು ಹುಟ್ಟಿತೋ ಆ ಕಾರ್ಯವನ್ನು ಅದು ಮಾಡಿದ್ದೇ ಅದರ ದೋಷವಾಗಿ ಎಣಿಕೆಯಾಗುತ್ತದೆ. ನಮ್ಮ ತಾತನ ಗಾಳದಲ್ಲಿ ಹೆಬ್ಬೆರಳು ಕೂರುವ ಆ ನೆಗ್ಗನ್ನು ಬಿಟ್ಟರೆ ನನಗೆ ಬೇಕಾದುದು ಬೇರೇನಿತ್ತು?

ಇಷ್ಟು ತಿಳಿದೂ ನಾನು ಮೋಸಹೋದೆ. ಮೋಸ ಮಾಡಿದವನು ಮಾರಿದವನಲ್ಲ, ನಾನೇ. ವೈಟ್‌ಹಾಲಿನ ಹಳೆಯ ಚಮಚಗಾಳವೊಂದು, ಆಕಾರ, ಅಳತೆ, ಕೆಂಪು ಕುಚ್ಚು ಎಲ್ಲವೂ ನನ್ನ ನೆನಪಿಗೆ ಹತ್ತಿರವಾದದ್ದು, ಮಾರಾಟಕ್ಕಿದೆಯೆಂದು ತಿಳಿದು, ಒಂದು ತಿಂಗಳ ನಿವೃತ್ತಿವೇತನದ ಬಹುಪಾಲನ್ನು ಅದಕ್ಕೆ ಸುರಿದೆ. ಬಂದ ದಿನ ಪೊಟ್ಟಣವನ್ನು ಬಿಚ್ಚಿ, ಹತ್ತಿಯ ಹಾಸಿನ ಮೇಲೆ ಮಲಗಿದ್ದ ಆ ನಿಷ್ಕಳಂಕ ವಸ್ತುವನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಾಡಿಸಿದೆ. ಬೆರಳು ಎಲ್ಲಿಯೂ ನಿಲ್ಲದೆ ಜಾರಿತು. ಸುಂದರವಾದ, ಪ್ರಾಮಾಣಿಕವಾದ, ನನಗೆ ಯಾವ ಸಂಬಂಧವೂ ಇಲ್ಲದ ಗಾಳ. ಈಗ ಅದು ನನ್ನ ಮೇಜಿನ ಮೇಲೆ ಕಾಗದದ ಹಾಳೆಗಳು ಹಾರದಂತೆ ಕಾಯುತ್ತಿದೆ.

ಗಂಟು ಬಿಚ್ಚಿದುದು ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ. ನಾನು ಅಲ್ಲಿಗೆ ಹೋದದ್ದು ಹಳೆಯ ಬೀಗವೊಂದಕ್ಕೆ ಕೀಲಿಕೈ ಹುಡುಕಲು. ಅಂಗಡಿಯಾತ ಮೂಲೆಯ ಗೋಣಿಚೀಲವೊಂದನ್ನು ನೆಲಕ್ಕೆ ಸುರಿದಾಗ ಕೀಲಿಕೈಗಳಿಗಿಂತ ಮೊದಲು ಮುಳ್ಳುಚಮಚ, ಚಾಕು, ದೊಡ್ಡ ಚಮಚಗಳ ಒಂದು ರಾಶಿ ಝಣಝಣನೆ ಹೊರಬಿದ್ದಿತು. ಯಾವುದೋ ಹಳೆಯ ಬಂಗಲೆಯ ಊಟದ ಮೇಜಿನದಿರಬೇಕು. ಅದರಲ್ಲೊಂದು ಚಮಚ ಬೆನ್ನು ಮೇಲಾಗಿ ಬಿದ್ದಿತ್ತು. ಹಿಡಿಯ ಬುಡದಲ್ಲಿ, ಗೋಧಿಕಾಳಿಗಿಂತ ಚಿಕ್ಕವಾದ ನಾಲ್ಕು ಚೌಕಗಳಲ್ಲಿ, ಇ, ಪಿ, ಎನ್, ಎಸ್.

ನಾನು ನಿಂತಲ್ಲೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆ. “ಇದರ ಮೇಲೆ ಬರೆದಿರೋದು ಏನಪ್ಪ?” ಎಂದೆ.

“ಅದಾ ಸಾರ್? ಜರ್ಮನ್ ಸಿಲ್ವರ್ರು. ಮೇಲೆ ಬೆಳ್ಳಿನೀರು ಕೊಟ್ಟಿರ್ತಾರೆ. ಬೇಕಾದಷ್ಟಿದೆ, ಕೆ.ಜಿ. ಲೆಕ್ಕ.”

ವಿದ್ಯುಲ್ಲೇಪನದಿಂದ ಬೆಳ್ಳಿ ಹೊದೆಸಿದ ನಿಕಲ್ ಸಿಲ್ವರ್ ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು. ಒಳಗಿನ ಲೋಹದಲ್ಲಿ ತಾಮ್ರ, ನಿಕಲ್, ಸತುಗಳಲ್ಲದೆ ಬೆಳ್ಳಿಯ ಲೇಶವೂ ಇಲ್ಲ. ನಾನು ಎರಡು ಖಂಡಗಳಲ್ಲಿ ಬೆನ್ನಟ್ಟಿದ ತಯಾರಕ ಯಾವೊಬ್ಬ ಮನುಷ್ಯನೂ ಆಗಿರಲಿಲ್ಲ; ಲೋಹದ ಹೆಸರಾಗಿದ್ದ. ಅಂದೇ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ತಾತನ ಮಕ್ಕಳಲ್ಲಿ ಉಳಿದವರು ನನ್ನ ಸೋದರತ್ತೆ ಒಬ್ಬರೇ, ಆಗ ಅವರಿಗೆ ಎಂಬತ್ತೆಂಟು. ಚಮಚವನ್ನು ಅವರ ಕೈಗಿತ್ತು, “ಅತ್ತೆ, ತಾತನ ದೊರೆಸಾನಿ ನೆನಪಿದೆಯಾ?” ಎಂದೆ. ಅವರು ಅದನ್ನು ಒಂದು ಗಳಿಗೆ ತಿರುಗಿಸಿ ನೋಡಿ ನಕ್ಕುಬಿಟ್ಟರು.

“ಅಯ್ಯೋ, ಇಷ್ಟುದ್ದ ಇತ್ತೇನೋ ಅವಳು! ಬಂಗಲೆ ದೊರೆಸಾನಿ ಊಟದ ಚಮಚ ಕಣೋ ಅದು. ಹಿಡಿ ಮುರಿದಿತ್ತು ಅಂತ ಬಟ್ಲರು ಬಿಸಾಕಿದ್ದ. ಅಪ್ಪ ಎತ್ಕೊಂಡು ಬಂದು ಕಾರ್ಖಾನೇಲಿ ಕೂತು ಮಾಡಿದ್ದು. ನೀನು ಕೇಳಲೇ ಇಲ್ವಲ್ಲ?”

ಕೇಳಲೇ ಇಲ್ಲವೆಂಬುದು ನಿಜ. ಸ್ಕೆನೆಕ್ಟಡಿಯವರೆಗೆ ಹೋಗಿ ಬಂದವನು ಮಳವಳ್ಳಿಗೆ ಹೋಗಿರಲಿಲ್ಲ.

ಈ ಪ್ರಸಂಗದಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ತಯಾರಕನ ಹೆಸರಿಲ್ಲದ ವಸ್ತುವನ್ನು ವಸ್ತುವೆಂದೇ ನಾವು ಗಣಿಸುವುದಿಲ್ಲ. ಮುದ್ರೆ, ಪೇಟೆಂಟ್ ಸಂಖ್ಯೆ, ಬೆಲೆಪಟ್ಟಿಗಳಿದ್ದರೆ ಅದು ಪ್ರಾಚೀನವಸ್ತು, ಇಲ್ಲದಿದ್ದರೆ ಗುಜರಿ. ಒಬ್ಬ ಬ್ಯುಯೆಲ್ ಚಮಚ ಕತ್ತರಿಸಿದರೆ ಅದು ಆವಿಷ್ಕಾರವೆನಿಸಿಕೊಂಡು ಇತಿಹಾಸವನ್ನು ಸೇರುತ್ತದೆ. ಅದೇ ಕೆಲಸವನ್ನು, ಬ್ಯುಯೆಲ್ಲನ ಹೆಸರನ್ನೂ ಕೇಳದ ಮಳವಳ್ಳಿ ಸೀಮೆಯ ಫಿಟ್ಟರೊಬ್ಬ ಕಣಿವೆಯ ತಳದಲ್ಲಿ ಕುಳಿತು ತಾನೇ ಯೋಚಿಸಿ ಮಾಡಿದರೆ ಅದು ತಕ್ಕಡಿಗೆ ಬೀಳುತ್ತದೆ. ಪೇಟೆಂಟಿನ ಗೌರವ ಬ್ಯುಯೆಲ್ಲನಿಗೇ ಇರಲಿ. ತಾತನಿಗೆ ಅದು ಬೇಕೂ ಇರಲಿಲ್ಲ. ಆದರೆ ದೊರೆಗಳ ಮೇಜಿನಿಂದ ಬಿದ್ದ ಲೋಹ, ಸ್ವಿಟ್ಜರ್ಲೆಂಡಿನ ಚಕ್ರಗಳನ್ನು ರಿಪೇರಿ ಮಾಡುತ್ತ ಕಲಿತ ಕೈ, ಕಾವೇರಿಯ ಮೀನಿನ ಸ್ವಭಾವವನ್ನು ಅಪ್ಪ ಅಜ್ಜಂದಿರಿಂದ ಕೇಳಿ ತಿಳಿದ ಬುದ್ಧಿ, ಈ ಮೂರೂ ಕೂಡಿದ ಆ ಪುಟ್ಟ ವಸ್ತುವಿಗಿಂತ ಮೈಸೂರು ಸೀಮೆಯ ಕೈಗಾರಿಕಾ ಯುಗದ ಉದಯಕ್ಕೆ ಉತ್ತಮವಾದ ಸಾಕ್ಷ್ಯ ಯಾವುದಿದ್ದೀತು?

ನಮ್ಮಲ್ಲಿ ಇಂಥ ವಿಷಯಗಳನ್ನು ಬರೆದಿಡುವ ಸಂಪ್ರದಾಯವೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವೇ ಇದೆ. ಮೀನುಗಳ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ದಾರ, ಕೋಲು, ಗಾಳ ಇವೆಲ್ಲವನ್ನೂ ಆ ಚಕ್ರವರ್ತಿ ರಾಜ್ಯನೀತಿಯನ್ನು ಹೇಳಿದಷ್ಟೇ ಗಾಂಭೀರ್ಯದಿಂದ ಹೇಳಿದ್ದಾನೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಮೀನುಬೇಟೆಯ ಮೇಲೆ ಬರೆದ, ಆ ವಿಷಯದಲ್ಲಿ ಇಂದಿಗೂ ಪ್ರಮಾಣವೆನಿಸಿರುವ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಚಕ್ರವರ್ತಿಯೂ ಕಲೆಕ್ಟರನೂ ಬರೆದರು. ಹಲಗೆಗೆ ದಾರ ಸುತ್ತಿ ಹೊಳೆಗೆ ಹೋಗುತ್ತಿದ್ದವನು ಬರೆಯಲಿಲ್ಲ, ಅವನನ್ನು ಕೇಳಿ ಬರೆದುಕೊಂಡವರೂ ಇಲ್ಲ.

ಆ ಮೀನಿನ ಗತಿಯೂ ಇದಕ್ಕಿಂತ ಬೇರೆಯಾಗಲಿಲ್ಲವೆಂಬುದು ನನಗೆ ಈಚೆಗೆ ತಿಳಿದ ಸಂಗತಿ. ಕಾವೇರಿಯ ಡುಬ್ಬಬೆನ್ನಿನ ಮಹಶೀರ್ ಜಗತ್ತಿನ ಬೇಟೆಗಾರರಲ್ಲೆಲ್ಲ ಪ್ರಖ್ಯಾತವಾದುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಸುಮಾರು 120 ಪೌಂಡು ತೂಕದ ಮಹಶೀರನ್ನು ಹಿಡಿದುದು ಆ ಲೋಕದಲ್ಲಿ ಈಗಲೂ ಮೆರೆಯುತ್ತಿರುವ ದಾಖಲೆ. ಆದರೆ ಇಷ್ಟು ಫೋಟೋ, ಇಷ್ಟು ಕಥೆ, ಇಷ್ಟು ಕೀರ್ತಿ ಪಡೆದ ಆ ಡುಬ್ಬಬೆನ್ನಿನ ಮೀನು ಯಾವ ಪ್ರಭೇದವೆಂಬುದು ವಿಜ್ಞಾನಿಗಳಿಗೆ ಖಚಿತವಾದುದು 2018ರಲ್ಲಿ. ಕಾವೇರಿಯ ಉಪನದಿಯೊಂದರ ಮೀನಿಗೆ ಅದಕ್ಕೆ ಹಿಂದೆ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು ಅವರು ನಿರ್ಣಯಿಸಿದರು. ಹೆಸರು ಸಿಕ್ಕಿದ ವರ್ಷವೇ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ಅತ್ಯಂತ ಅಪಾಯದ ದರ್ಜೆಗೂ ಸೇರಿತು. ಅಣೆಕಟ್ಟುಗಳು ಅದರ ದಾರಿಯನ್ನು ಕಡಿದುವು. ಬೇರೆಡೆ ಮರಿಮಾಡಿಸಿ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಅದರ ನೆಲೆಯನ್ನು ಆಕ್ರಮಿಸಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ನಿಷೇಧಿಸಿದ್ದರೂ ಮಡುಗಳಲ್ಲಿ ಆ ಸದ್ದು ನಿಂತಿರಲಿಲ್ಲ. ನಮ್ಮ ತಾತನಂಥವರು ಹಿಡಿದು ತಿಂದುದೂ ಆ ಲೆಕ್ಕಕ್ಕೆ ಸೇರುತ್ತದೆಯೆಂಬುದನ್ನು ನಾನು ಮರೆಮಾಚುವುದಿಲ್ಲ. ಅಷ್ಟೂ ಕಾಲ ಆ ಮೀನನ್ನು ಗುರುತಿಸಿ ಬಿಳಿಮೀನೆಂದು ಕರೆಯುತ್ತಿದ್ದವರು ಹೊಳೆಯ ದಂಡೆಯಲ್ಲಿಯೇ ಇದ್ದರು. ಅವರನ್ನೂ ಯಾರೂ ಕೇಳಲಿಲ್ಲ.

ಆದುದರಿಂದ, ಅಜ್ಜ ಅಜ್ಜಿಯರ ಕಾಲದ ಗಾಳವನ್ನೋ ಅಡಕತ್ತರಿಯನ್ನೋ ಹುಡುಕಿಕೊಡುವಿರಾ ಎಂದು ಈಚೆಗೆ ನನ್ನ ಬಳಿಗೆ ಬರುವ ತರುಣರಿಗೆ ನಾನು ಹರಾಜಿನ ದಾರಿಯನ್ನು ತೋರಿಸುವುದಿಲ್ಲ. ಮನೆಯಲ್ಲಿ ಎಂಬತ್ತು ದಾಟಿದವರು ಯಾರಿದ್ದಾರೆಂದು ಕೇಳುತ್ತೇನೆ. ಆ ವಸ್ತುವನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಡಬ್ಬಿಯಲ್ಲಿಡುತ್ತಿದ್ದರು, ಮುರಿದಾಗ ಯಾರ ಹತ್ತಿರ ಒಯ್ಯುತ್ತಿದ್ದರು ಎಂಬುದನ್ನು ಮೊದಲು ಬರೆದುಕೊಳ್ಳಿರೆನ್ನುತ್ತೇನೆ. ಶಿವನಸಮುದ್ರದ ವಿದ್ಯುದಾಗಾರಕ್ಕೆ ಇಂದು ಸರ್ ಶೇಷಾದ್ರಿ ಅಯ್ಯರ್ ಅವರ ಹೆಸರಿದೆ, ಅದು ಯೋಗ್ಯವಾದುದೇ. ಅಲ್ಲಿ ದುಡಿದ ಫಿಟ್ಟರುಗಳು ಬಿಡುವಿನಲ್ಲಿ ಮಾಡಿಕೊಂಡ ಕತ್ತಿ, ಬೀಗ, ಗಾಳ, ಮಕ್ಕಳ ಆಟಿಕೆಗಳನ್ನು ಸುತ್ತಲ ಊರುಗಳಿಂದ ಕೇಳಿ ತಂದು ಒಂದು ಮೇಜಿನ ಮೇಲೆ ಇಡುವುದಕ್ಕೆ ಸರ್ಕಾರಕ್ಕೆ ತಗಲುವ ವೆಚ್ಚ ಒಂದು ಭಾವಚಿತ್ರದ ಚೌಕಟ್ಟಿಗಿಂತ ಹೆಚ್ಚಾಗಲಾರದು. ಕೇಳುವುದಕ್ಕೆ ಹೋಗಬೇಕಾದವರು ಮಾತ್ರ ಬೇಗ ಹೋಗಬೇಕು. ನಮ್ಮ ಅತ್ತೆ ಈಗಿಲ್ಲ.

ಗುಜರಿಯವನು ಆ ಚಮಚಕ್ಕೆ ತೂಕ ಹಾಕದೆ ನಲವತ್ತು ರೂಪಾಯಿ ತೆಗೆದುಕೊಂಡಿದ್ದ. ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಲೇತ್ ಅಂಗಡಿಯ ಹುಡುಗನ ಎದುರು ಕುಳಿತು ಅದನ್ನು ದೊರೆಸಾನಿಯನ್ನಾಗಿ ಮಾಡಲು ಹೊರಟೆ. ಅಕ್ಷರಗಳು ಬಟ್ಟಲಿನ ಕಡೆಯಿಂದ ಹಿಡಿಯ ಕಡೆಗೆ ಸಾಲಾಗಿವೆ. ನಾಲ್ಕನ್ನೂ ಉಳಿಸಿಕೊಳ್ಳಬೇಕೆಂಬ ಆಸೆಯಿಂದ, ಎಸ್ ಅಕ್ಷರದ ಆಚೆಗೆ ಒಂದು ಬೆರಳಿನಷ್ಟು ಹಿಡಿಯನ್ನು ಬಿಟ್ಟು ಗರಗಸ ಹಾಕಿಸಿ, ತುದಿಯಲ್ಲಿ ರಂಧ್ರ ಕೊರೆಸಿದೆ. ಮನೆಗೆ ತಂದು, ಗಾಳ ಕಟ್ಟದೆ ಬರಿಯ ಚಮಚಕ್ಕೇ ದಾರ ಕಟ್ಟಿ, ಹಿತ್ತಿಲಿನ ನೀರುತೊಟ್ಟಿಯಲ್ಲಿ ಈ ತುದಿಯಿಂದ ಆ ತುದಿಗೆ ಎಳೆದೆ. ಅದು ಒಣಕಡ್ಡಿಯಂತೆ ನೆಟ್ಟಗೆ ಬಂದಿತು. ನಿಧಾನವಾಗಿ ಎಳೆದೆ, ಬೇಗ ಎಳೆದೆ, ಹೊರಳಲಿಲ್ಲ. ಮತ್ತೆ ಅಂಗಡಿಗೆ ಹೋಗಿ ಸ್ವಲ್ಪ ಮೊಟಕು ಮಾಡಿಸಿ ಹೊಸ ರಂಧ್ರ ಕೊರೆಸಿದೆ; ಸ್ವಲ್ಪ ವಾಲಿತು, ಅಷ್ಟೆ. “ಇನ್ನೂ ಒಳಗೆ ಬರ್ಬೇಕು ಸಾರ್, ಬಾಲ ಉದ್ದ ಆಯ್ತು” ಎಂದು ಹುಡುಗ ಹೇಳಿ, ಡ್ರಿಲ್ಲಿನ ಮೊನೆಯನ್ನು ನಾಲ್ಕನೆಯ ಚೌಕದ ಮೇಲೆ ಇಟ್ಟು, ನನ್ನ ಮುಖ ನೋಡಿದ. “ಅಕ್ಷರ ಹೋಗುತ್ತೆ, ಪರವಾಗಿಲ್ವಾ?”

ಹೋಗಲಿ ಎಂದೆ. ಎಸ್ ಅಕ್ಷರದ ಮೇಲಿನ ಬಾಗೊಂದು ಉಳಿಯಿತು. ಆ ಸಂಜೆ ತೊಟ್ಟಿಯಲ್ಲಿ ಎಳೆದಾಗ ಚಮಚ ಒಮ್ಮೆ ತಡವರಿಸಿ, ಎಡಕ್ಕೆ ವಾಲಿ, ಬಲಕ್ಕೆ ಹೊರಳಿ, ಪಾಚಿಗಟ್ಟಿದ ನೀರಿನಲ್ಲಿ ಮಿಂಚುತ್ತ ನನ್ನ ಕಡೆಗೆ ಬಂದಿತು.